ವಲಸೆ ಆಳುಗಳ ಕ್ಷಯ ಪರೀಕ್ಷೆ: ಖರ್ಚು ಯಾವುದಕ್ಕೆ?

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಸಲಹೆ ಬಂದಿತು. ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳದ ಕಡೆಯಿಂದ ಬರುವ ಆಳುಗಳಿಗೆ ಲೈನ್ ಮನೆ ಕೊಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಕ್ಷಯದ ಸೋಂಕು ಇದ್ದವರನ್ನು ವಾಪಸು ಕಳಿಸಬೇಕೆಂದು. ಹಿಂದೆ ಯಶವಂತಪುರದಲ್ಲಿ, 2022ರಿಂದೀಚೆಗೆ ಬಹುಮಟ್ಟಿಗೆ ಬೈಯಪ್ಪನಹಳ್ಳಿಯ ಹೊಸ ನಿಲ್ದಾಣದಲ್ಲಿ ರೈಲಿಳಿದು ಬಸ್ಸು ಹತ್ತಿ ಬರುವ ಜನ ಇವರು. ಸಲಹೆ ಕೊಟ್ಟವರ ಭಯ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಅದು ಒಪ್ಪಿಗೆಯಾಗಲಿಲ್ಲ.

ಸೋಂಕು ಬೇರೆ, ರೋಗ ಬೇರೆ. ಸುಪ್ತ ಸೋಂಕಿನಲ್ಲಿ ಕ್ರಿಮಿ ಮೈಯೊಳಗೆ ಮಲಗಿರುತ್ತದೆ. ಅಂಥವನಿಗೆ ಕೆಮ್ಮಿಲ್ಲ, ಅವನಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದೋ ಒಮ್ಮೆ ಅದು ರೋಗಕ್ಕೆ ತಿರುಗುತ್ತದೆ. 2019-21ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಶೇಕಡ 31ರಷ್ಟು ಜನಕ್ಕೆ ಈ ಸೋಂಕಿದೆ. ಅಂದರೆ ನಮ್ಮ ಮಂಡಳಿಯಲ್ಲೇ ಹತ್ತು ನಿರ್ದೇಶಕರಿಗೆ ಮೂವರಂತೆ ಇದ್ದಾರು. ಅವರನ್ನು ಎಲ್ಲಿಗೆ ವಾಪಸು ಕಳಿಸೋಣ?

ಮೂವತ್ತು ಆಳುಗಳಿಗೆ ತಲಾ ಸುಮಾರು ಎರಡು ಸಾವಿರದಂತೆ ಖಾಸಗಿ ಪ್ರಯೋಗಾಲಯಕ್ಕೆ ಅರವತ್ತು ಸಾವಿರ ತೆತ್ತೆವೆನ್ನಿ. ಒಂಬತ್ತು ಮಂದಿಗೆ ಸೋಂಕೆಂದು ಬರುತ್ತದೆ. ಆ ಒಂಬತ್ತರಲ್ಲಿ ಮುಂದೆ ಕಾಯಿಲೆ ಬೀಳುವವನು ಹೆಚ್ಚೆಂದರೆ ಒಬ್ಬ. ಅದೂ ಕೊಯ್ಲಿನ ಮೂರು ತಿಂಗಳೊಳಗೇ ಆಗುವುದು ಅಪರೂಪ. ಇಷ್ಟಕ್ಕೆ ಒಂಬತ್ತು ಜನರ ಕೂಲಿ ಕಳೆಯಬೇಕೆ? ಮೇಲಾಗಿ, ವಾಪಸು ಕಳಿಸುತ್ತಾರೆಂದು ತಿಳಿದರೆ ನಿಜವಾಗಿ ಕೆಮ್ಮುವವನೂ ಕೆಮ್ಮನ್ನು ಮುಚ್ಚಿಡುತ್ತಾನೆ. ನಮಗೆ ಅಪಾಯ ಇರುವುದು ಅವನಿಂದ.

ಇಂಗ್ಲೆಂಡಿನಲ್ಲಿ ಮಾಡುತ್ತಾರಲ್ಲ ಎಂದು ಒಬ್ಬ ಸದಸ್ಯರು ಕೇಳಿದರು. ಮಾಡುತ್ತಾರೆ. ಅಲ್ಲಿ ಕ್ಷಯ ವಿರಳ. ರೋಗಿಗಳಲ್ಲಿ ಹೆಚ್ಚಿನವರು ಹೊರದೇಶದಲ್ಲಿ ಹುಟ್ಟಿದವರು. ರೋಗ ಹೆಚ್ಚಿರುವ ದೇಶಗಳಿಂದ ಹೊಸದಾಗಿ ಬಂದ 16ರಿಂದ 35 ವಯಸ್ಸಿನವರನ್ನು ಆರಿಸಿ ಪರೀಕ್ಷಿಸಿ, ಸೋಂಕಿದ್ದವರಿಗೆ ಔಷಧ ಕೊಡುತ್ತಾರೆ. ಅಟ್ಟುವುದಿಲ್ಲ.

ನಮಗೆ ತಕ್ಕ ಪಾಠ ಹತ್ತಿರದಲ್ಲೇ ಇದೆ. ಹೆಬ್ಬಾಳದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದೇನೆಂದರೆ, ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಕೆಮ್ಮುವವನ ಕಫವನ್ನು ಅಲ್ಲಿಯೇ ನೋಡಿದ್ದರೆ ಸಾಕಿತ್ತು.

ಆದ್ದರಿಂದ ನನ್ನ ಸೂಚನೆ ಇಷ್ಟು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಆಳನ್ನು ಅರ್ಧ ದಿನದ ಕೂಲಿ ಕೊಟ್ಟೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಪರೀಕ್ಷೆ, ಔಷಧ ಉಚಿತ. 2024ರ ನವೆಂಬರಿನಿಂದ ಪೋಷಣೆಗೆ ತಿಂಗಳಿಗೆ ಸಾವಿರ ರೂಪಾಯಿಯೂ ಇದೆ. ನಡುವೆ ಊರಿಗೆ ಹೋದರೆ ನಿಕ್ಷಯ್ ದಾಖಲೆಯ ಮೇಲೆ ಅಲ್ಲಿಯೇ ಔಷಧ ಮುಂದುವರಿಸಬಹುದು. ರೋಗಿಯೊಂದಿಗೆ ಒಂದೇ ಕೋಣೆಯಲ್ಲಿ ಮಲಗಿದವರನ್ನು ಮಾತ್ರ ತಪ್ಪದೆ ಪರೀಕ್ಷೆಗೆ ಒಪ್ಪಿಸಿ. ಉಳಿದ ಅರವತ್ತು ಸಾವಿರದಲ್ಲಿ ಲೈನ್ ಮನೆಗಳಿಗೆ ಕಿಟಕಿ ಇಡಿಸಬಹುದು. ಎಂಟು ಜನ ಮಲಗುವ ಗವಾಕ್ಷಿ ಇಲ್ಲದ ಕೋಣೆಗಳು ನಮ್ಮಲ್ಲಿ ಎಷ್ಟಿವೆಯೆಂದು ಎಲ್ಲರಿಗೂ ಗೊತ್ತು, ನನ್ನ ತೋಟದಲ್ಲೂ ಒಂದಿದೆ.

ವಿಷಯ ಮುಂದಿನ ಸಭೆಗೆ ಮತ್ತೆ ಬರಲಿದೆ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮುಂಚೆ ಸಂಘದ ಕಚೇರಿಗೆ ಬರೆದು ತಿಳಿಸಬೇಕು.