ಎತ್ತಿಗೆ ಜ್ವರ, ಗಲ್ಲಾದ ಹುಡುಗಿಗೆ ಬರೆ!

ಅವಧಿ ಮುಗಿದ ಕೂಪನ್ ತೋರಿಸಿ ನೂರು ರೂಪಾಯಿ ಉಳಿಸಿದವನು ಸಂಜೆ ಗೆಳೆಯರ ಮುಂದೆ ಮೀಸೆ ತಿರುವುತ್ತಾನೆ. 'ಕಂಪನಿಗೇ ಟೋಪಿ ಹಾಕಿದೆ ಕಣೋ!' ಸುತ್ತ ಕೂತವರು ಭೇಷ್ ಅನ್ನುತ್ತಾರೆ. ಕೋಟಿಗಟ್ಟಲೆ ವ್ಯಾಪಾರ ಮಾಡುವ ಕಂಪನಿಗೆ ನೂರು ರೂಪಾಯಿ ಯಾವ ಲೆಕ್ಕ ಎಂಬ ಸಮಾಧಾನ ಬೇರೆ.

ಸ್ವಾಮಿ, ಟೋಪಿ ಬಿದ್ದದ್ದು ಕಂಪನಿಯ ತಲೆಗಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿದ್ದಳಲ್ಲ, ಆ ಹುಡುಗಿಯ ತಲೆಗೆ!

ಆಕೆ ಯಾರು? ಕುಣಿಗಲ್ಲಿನವಳಿರಬಹುದು, ಮದ್ದೂರಿನವಳಿರಬಹುದು, ಚಿಂತಾಮಣಿಯವಳಿರಬಹುದು. ಪಿಯುಸಿಯೋ ಡಿಗ್ರಿಯೋ ಮುಗಿಸಿ, ನಾಲ್ವರ ಜೊತೆ ಒಂದು ಕೋಣೆ ಹಂಚಿಕೊಂಡು, ತಿಂಗಳ ಕೊನೆಗೆ ಮನೆಗೆ ಒಂದಿಷ್ಟು ಕಳಿಸುವವಳು. ದಿನವಿಡೀ ನಿಂತೇ ದುಡಿಯುವವಳು. ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಒಂದು ಆಸನ ಕೊಡಿ ಎಂದು ಹೇಳುವುದಕ್ಕೇ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು. ಈ ಕೆಲಸದ ಪಾಡು ಎಂಥದ್ದು ಅಂತ ಇದರಿಂದಲೇ ಊಹಿಸಿಕೊಳ್ಳಿ. ಅಂಥವಳ ಕೈಯಿಂದ ಕಿತ್ತ ನೂರು ರೂಪಾಯಿಗೆ ಮೀಸೆ ತಿರುವುವುದು ಗಂಡಸುತನವೇ?

ಕೂಪನ್ ಧರ್ಮಕ್ಕೆ ಬಂದದ್ದಲ್ಲ

ಮೊದಲು ಒಂದು ವಿಷಯ ತಿಳಿಯೋಣ. ಕೂಪನ್ ಎಂಬುದು ಯಾವ ಧಣಿಯ ದಾನವೂ ಅಲ್ಲ. 1887ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕೋಕಾ-ಕೋಲಾದವರು 'ಒಂದು ಲೋಟ ಪುಕ್ಕಟೆ' ಎಂಬ ಚೀಟಿ ಹಂಚಿದರು. ಪುಕ್ಕಟೆ ಕುಡಿದವನು ಮಾರನೇ ದಿನ ಕಾಸು ಕೊಟ್ಟು ಕುಡಿದ. ಅಂದಿನಿಂದ ಇಂದಿನವರೆಗೆ ಕೂಪನ್ ಅಂದರೆ ಗಾಳದ ತುದಿಯ ಎರೆಹುಳ.

ಇದರ ಲೆಕ್ಕಾಚಾರ ಹೀಗಿದೆ. ಸೋಪಿನ ಕಂಪನಿ 20 ರೂಪಾಯಿ ರಿಯಾಯಿತಿಯ ಕೂಪನ್ ಬಿಡುತ್ತದೆ. ಅಂಗಡಿಯವನು ನಿಮಗೆ 20 ರೂಪಾಯಿ ಕಡಿಮೆ ಮಾಡುತ್ತಾನೆ. ಕೂಪನ್ ಸರಿಯಾಗಿದ್ದರೆ ಸೋಪಿನ ಕಂಪನಿ ಆ 20 ರೂಪಾಯಿಯನ್ನು ಅಂಗಡಿಗೆ ತುಂಬಿಕೊಡುತ್ತದೆ. ಅದು ಅವರ ಜಾಹೀರಾತಿನ ಖರ್ಚು. ಆದರೆ ದಿನ ಮೀರಿದ್ದು, ಜೆರಾಕ್ಸ್ ಮಾಡಿದ್ದು, ಬೇರೆ ಮಾಲಿಗೆ ಹಾಕಿದ್ದು ಬಂದರೆ? ಕಂಪನಿ ಕೈ ಆಡಿಸಿಬಿಡುತ್ತದೆ. ನಷ್ಟ ಅಂಗಡಿಗೆ. ಅಂಗಡಿಯ ಮಾಲೀಕ ನಷ್ಟವನ್ನು ತನ್ನ ಮನೆಯಿಂದ ತರುತ್ತಾನೆಯೇ? 'ಈ ಕೂಪನ್ ತಗೊಂಡವರು ಯಾರು?' ಅಂತ ಕೇಳುತ್ತಾನೆ. ಬಿಲ್ಲಿನ ಮೇಲೆ ಕ್ಯಾಷಿಯರ್ ನಂಬರ್ ಅಚ್ಚಾಗಿರುತ್ತದೆ. ಮುಗಿಯಿತು ಕಥೆ!

ಬುದ್ಧಿವಂತರ ಕರಾಮತ್ತುಗಳು

ನಮ್ಮ ಬುದ್ಧಿವಂತ ಗಿರಾಕಿಗಳ ಕಲೆ ಒಂದೇ ಎರಡೇ? 'ಒಬ್ಬರಿಗೆ ಒಂದೇ' ಎಂದು ಬರೆದ ಸಕ್ಕರೆಯ ಆಫರ್ ಇದ್ದರೆ ಗಂಡ ಒಂದು ಸಾಲಿನಲ್ಲಿ, ಹೆಂಡತಿ ಇನ್ನೊಂದು ಸಾಲಿನಲ್ಲಿ, ಮಗ ಮೂರನೆಯದರಲ್ಲಿ. ಮೂವರಿಗೂ ಒಬ್ಬರಿಗೊಬ್ಬರ ಪರಿಚಯವೇ ಇಲ್ಲ! ಹೊರಗೆ ಹೋದ ಮೇಲೆ ಒಂದೇ ಕಾರು.

ಒಮ್ಮೆ ಮಾತ್ರ ನಡೆಯುವ ಕೂಪನ್ ನಂಬರನ್ನು ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಹಂಚುವವರಿದ್ದಾರೆ. ಮೊದಲು ಓಡಿ ಬಂದವನಿಗೆ ರಿಯಾಯಿತಿ. ಉಳಿದ ಒಂಬತ್ತು ಜನ ಕೌಂಟರಿನಲ್ಲಿ ನಿಂತು ಹುಡುಗಿಯ ಮೇಲೆ ಕೂಗಾಡುತ್ತಾರೆ.

ಇನ್ನೊಬ್ಬ ಮಹಾಶಯ 2000 ರೂಪಾಯಿ ಸಾಮಾನು ಕೊಂಡು 300 ರೂಪಾಯಿಯ ಕೂಪನ್ ಹಾಕುತ್ತಾನೆ. ಮೂರು ದಿನ ಬಿಟ್ಟು 1200 ರೂಪಾಯಿ ಸಾಮಾನು ವಾಪಸ್ ತಂದು, ಪೂರಾ 1200 ಕೊಡು ಅಂತ ಪಟ್ಟು ಹಿಡಿಯುತ್ತಾನೆ. ಕೊಟ್ಟ ರಿಯಾಯಿತಿಯನ್ನು ಲೆಕ್ಕ ಹಾಕಿ ಕಳೆದರೆ, 'ನನ್ನನ್ನೇ ಕಳ್ಳ ಅಂತೀಯಾ?' ಎಂಬ ಗದ್ದಲ.

ಬೆಂಗಳೂರಿನವರಿಗೆ ಇದರ ಹಳೆಯ ಅವತಾರವೂ ನೆನಪಿರಬೇಕು. ಐ.ಟಿ. ಕಂಪನಿಗಳು ಸಂಬಳದ ಒಂದು ಭಾಗವನ್ನು ಸೊಡೆಕ್ಸೋದಂಥ ಊಟದ ಕೂಪನ್ ಪುಸ್ತಕದಲ್ಲಿ ಕೊಡುತ್ತಿದ್ದ ಕಾಲ. ಒಂದು ಊಟಕ್ಕೆ 50 ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ. ಅದು ಊಟಕ್ಕೆ, ತಿಂಡಿಗೆ ಅಂತ ಕೊಟ್ಟದ್ದು. ಆದರೆ ನಮ್ಮ ದೊರೆಗಳು ಸೂಪರ್ ಮಾರ್ಕೆಟ್ಟಿಗೆ ಬಂದು ಶಾಂಪೂ, ಬಕೆಟ್ಟು, ಚಾಪೆ ಎಲ್ಲ ಬುಟ್ಟಿಗೆ ತುಂಬಿ ಪುಸ್ತಕ ಚಾಚುತ್ತಿದ್ದರು. ಆಗುವುದಿಲ್ಲ ಅಂದರೆ, 'ಬಿಸ್ಕತ್ತು ಅಂತ ಬಿಲ್ ಹಾಕಮ್ಮ, ಯಾರು ನೋಡ್ತಾರೆ?' ತೆರಿಗೆ ಉಳಿಯುವುದು ಇವರಿಗೆ, ಸುಳ್ಳು ಬಿಲ್ಲಿನ ಪಾಪ ಆಕೆಗೆ! 2017ರ ಕೊನೆಗೆ ರಿಸರ್ವ್ ಬ್ಯಾಂಕು ಕಾಗದದ ಊಟದ ಕೂಪನ್ನಿಗೆ ತೆರೆ ಎಳೆಯಿತು. ಪುಸ್ತಕ ಹೋಗಿ ಕಾರ್ಡು ಬಂತು. ಆದರೆ 'ಯಾರು ನೋಡ್ತಾರೆ' ಎಂಬ ಬುದ್ಧಿ ಮಾತ್ರ ಎಲ್ಲೂ ಹೋಗಲಿಲ್ಲ.

'ಹಾಕಿ ಕಳಿಸಮ್ಮ' ಎಂದವರು ರಾತ್ರಿ ಎಲ್ಲಿ?

ಕಂಪ್ಯೂಟರ್ ಒಪ್ಪದ ಕೂಪನ್ ಹೇಗೆ ನಡೆಯುತ್ತದೆ ಅಂತ ನೀವು ಕೇಳಬಹುದು. ಗಿರಾಕಿ ದನಿ ಏರಿಸುತ್ತಾನೆ. ಹಿಂದಿನ ಸಾಲು ಬೆಳೆಯುತ್ತದೆ. 'ಮ್ಯಾನೇಜರ್ ಕರಿ' ಎಂಬ ಅಬ್ಬರ. ಸೂಪರ್‌ವೈಸರ್ ಓಡಿ ಬರುತ್ತಾನೆ. ಗಿರಾಕಿಯ ಮುಂದೆ ಹಲ್ಲು ಗಿಂಜಿ, ಹುಡುಗಿಯ ಕಡೆ ತಿರುಗಿ, 'ಹಾಕಿ ಕಳಿಸಮ್ಮ, ಏನು ರಗಳೆ' ಅನ್ನುತ್ತಾನೆ. ಅಷ್ಟು ಹೊತ್ತು ನಿಯಮ ಪಾಲಿಸಿದವಳು ಎಲ್ಲರ ಎದುರು ಪೆಚ್ಚಾಗಿ ನಿಲ್ಲುತ್ತಾಳೆ. ಗಿರಾಕಿ ಗೆದ್ದ ನಗೆ ಬೀರಿ ಹೋಗುತ್ತಾನೆ.

ರಾತ್ರಿ ಅಂಗಡಿ ಮುಚ್ಚುವಾಗ ಲೆಕ್ಕ ತಾಳೆ ಹಾಕುತ್ತಾರೆ. ಗಲ್ಲಾದಲ್ಲಿ 300 ರೂಪಾಯಿ ಕಡಿಮೆ. ಬೆಳಿಗ್ಗೆ 'ಹಾಕಿ ಕಳಿಸಮ್ಮ' ಎಂದ ಪುಣ್ಯಾತ್ಮನಿಗೆ ಆಗ ಏನೂ ನೆನಪಿರುವುದಿಲ್ಲ. ಬಾಯಿಮಾತಿಗೆ ಸಾಕ್ಷಿ ಎಲ್ಲಿ? ಎಲ್ಲ ಅಂಗಡಿಗಳಲ್ಲೂ ಹೀಗೇ ಎಂದು ನಾವು ಹೇಳುವುದಿಲ್ಲ. ನ್ಯಾಯವಾಗಿ ನಡೆಸುವ ಮಾಲೀಕರಿದ್ದಾರೆ. ಆದರೆ ಹೀಗೆ ನಡೆಯುವ ಅಂಗಡಿಯಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೇ ಲೆಕ್ಕಶಾಸ್ತ್ರ!

ಕಾನೂನು ಏನನ್ನುತ್ತದೆ?

ಗಲ್ಲಾದಲ್ಲಿ ನಿಂತ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇದನ್ನು ಗಮನವಿಟ್ಟು ಓದಿ. ಸಂಬಳಕ್ಕೆ ಕೈ ಹಾಕುವುದು ಮಾಲೀಕನ ಇಷ್ಟವಲ್ಲ. 1936ರ ವೇತನ ಪಾವತಿ ಕಾಯ್ದೆಯಿಂದ ಬಂದ ನಿಯಮ ಇದು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ಇದೆ. ನಷ್ಟಕ್ಕೆ ಸಂಬಳ ಕಡಿಯಬೇಕಾದರೆ ಅದು ಆ ನೌಕರರ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ನೇರವಾಗಿ ಆದ ನಷ್ಟವಾಗಿರಬೇಕು. ಕಡಿಯುವ ಮೊದಲು ಅವರ ಸಮಜಾಯಿಷಿ ಕೇಳಲೇಬೇಕು. ಆದ ನಷ್ಟಕ್ಕಿಂತ ಒಂದು ಪೈಸೆ ಹೆಚ್ಚು ಕಡಿಯುವಂತಿಲ್ಲ. ಕಡಿದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಸೂಪರ್‌ವೈಸರ್ ಹೇಳಿದ್ದಕ್ಕೆ ಹಾಕಿದ ಕೂಪನ್ ಹೇಗೆ ಕ್ಯಾಷಿಯರಿನ ತಪ್ಪಾಗುತ್ತದೆ? ಕೇಳಿ. ಕೇಳುವುದು ನಿಮ್ಮ ಹಕ್ಕು.

ಕೂಪನ್ ಒಪ್ಪಿಸಲು ಸೂಪರ್‌ವೈಸರ್ ಹೇಳಿದರೆ ಅವನ ಕೀಲಿಯಿಂದಲೇ ಕಂಪ್ಯೂಟರ್ ತೆರೆಸಿ. ಇಲ್ಲವೇ ಬಿಲ್ಲಿನ ಪ್ರತಿಯ ಮೇಲೆ ಅವನ ರುಜು ಹಾಕಿಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ರುಜು ಉಳಿಯುತ್ತದೆ. ಅನ್ಯಾಯವಾಗಿ ಸಂಬಳ ಕಡಿದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಬಾಗಿಲು ತಟ್ಟಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಹಾಗೆಯೇ, ಗಿರಾಕಿ ಬಳಸದೆ ಬಿಟ್ಟು ಹೋದ ಕೂಪನ್ನನ್ನು ತಾವೇ ಜೇಬಿಗಿಳಿಸುವ ಒಬ್ಬಿಬ್ಬರು ಕ್ಯಾಷಿಯರುಗಳು ಇಡೀ ವರ್ಗಕ್ಕೇ ಮಸಿ ಬಳಿಯುತ್ತಾರೆ. ಅಂಥವರನ್ನು ನೀವೇ ತಿದ್ದಿ.

ಇನ್ನು ಟೋಪಿ ಹಾಕುವ ಶೂರರಿಗೂ ಒಂದು ಮಾತು. ನಮ್ಮೂರಿನಲ್ಲಿ ಮೋಸಗಾರನನ್ನು 'ಫೋರ್ ಟ್ವೆಂಟಿ' ಅನ್ನುವುದು ಸುಮ್ಮನೆ ಅಲ್ಲ, ಹಳೆಯ ದಂಡಸಂಹಿತೆಯ 420ನೇ ಕಲಮಿನಿಂದ ಬಂದ ಬಿರುದು ಅದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318 ಆಗಿದೆ. ನಂಬರ್ ಬದಲಾಗಿದೆ, ಅಪರಾಧ ಬದಲಾಗಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಮನೆಯಲ್ಲೇ ನಕಲಿ ಕೂಪನ್ ಅಚ್ಚು ಹಾಕಿ ಮಾರಿದ ಒಬ್ಬ ಹೆಂಗಸಿಗೆ 2021ರಲ್ಲಿ 12 ವರ್ಷ ಜೈಲಾಯಿತು. ಆಕೆಯಿಂದ ಆದ ನಷ್ಟ 3 ಕೋಟಿ ಡಾಲರಿಗೂ ಮಿಕ್ಕಿತ್ತು. 

ಕಂಪನಿಗಳೇ, ನೀವು ಸಾಚಾಗಳಲ್ಲ

ಹಾಗಂತ ಎಲ್ಲ ತಪ್ಪನ್ನೂ ಗಿರಾಕಿಯ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಕೌಂಟರಿನಲ್ಲಿ ಜಗಳವಾಡುವ ಎಲ್ಲರೂ ಮೋಸಗಾರರಲ್ಲ. ಎಷ್ಟೋ ಜನರಿಗೆ ಷರತ್ತೇ ಗೊತ್ತಿರುವುದಿಲ್ಲ. ಗೊತ್ತಾಗುವುದು ಹೇಗೆ? ಮುಂದುಗಡೆ ದಪ್ಪಕ್ಷರದಲ್ಲಿ ಚಂದದ ಕನ್ನಡ: 'ಒಂದು ಕೊಂಡರೆ ಒಂದು ಉಚಿತ!' ಹಿಂದುಗಡೆ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಷರತ್ತು. ಆಸೆ ಹುಟ್ಟಿಸುವುದಕ್ಕೆ ಕನ್ನಡ, ಕೈ ಕೊಡುವುದಕ್ಕೆ ಇಂಗ್ಲಿಷ್! ಚಿಕ್ಕಪೇಟೆಗೆ ಹೋಗಿ ಚೌಕಾಸಿ ಮಾಡಿ ಸೀರೆ ತರುವ ನಮ್ಮ ತಾಯಂದಿರು ಈ ಇರುವೆ ಸಾಲನ್ನು ಓದಬೇಕೇ? ಭೂತಗನ್ನಡಿ ಹಿಡಿದು ಬರಬೇಕೇ? ಆ ತಾಯಿ ಸಿಟ್ಟಾಗುವುದು ನ್ಯಾಯ. ಆದರೆ ಆ ಸಿಟ್ಟು ಬೀಳುವುದು ಅದೇ ಕನ್ನಡ ಮಾತಾಡುವ ಇನ್ನೊಬ್ಬ ಬಡವರ ಮಗಳ ಮೇಲೆ. ಚೀಟಿ ಅಚ್ಚು ಹಾಕಿಸಿದವನು ಎಲ್ಲೋ ತಣ್ಣಗೆ ಎ.ಸಿ. ಕೋಣೆಯಲ್ಲಿ.

ಇದಕ್ಕೂ ನಿಯಮವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ ಜಾಹೀರಾತು ಮಾರ್ಗಸೂಚಿಯ ಪ್ರಕಾರ, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ, ಕಣ್ಣಿಗೆ ಕಾಣುವ ಜಾಗದಲ್ಲಿ ಇರಬೇಕು. ಅಂದರೆ ಕನ್ನಡದಲ್ಲಿ ಕರೆದವರು ಕನ್ನಡದಲ್ಲೇ ಷರತ್ತು ಹೇಳಬೇಕು! ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿಸಿಕೊಂಡೆವು. ಸಂತೋಷ. ಆದರೆ ಹಣೆಯ ಮೇಲೆ ಕನ್ನಡ ಇದ್ದು ಹೊಟ್ಟೆಯೊಳಗೆ ಇಲ್ಲದಿದ್ದರೆ ಏನು ಬಂತು? ದುಡ್ಡಿನ ವ್ಯವಹಾರ ನಡೆಯುವುದು ಬೋರ್ಡಿನಲ್ಲಲ್ಲ, ಕೌಂಟರಿನಲ್ಲಿ. ಕೂಪನ್ನಿನ ಬೆನ್ನ ಮೇಲೆ ಕನ್ನಡ ಬಂದ ದಿನ ಕೌಂಟರಿನ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ.

'ಕಂಪನಿಯೇ ಮೋಸ ಮಾಡುವಾಗ ನಾವು ಮಾಡಿದರೆ ತಪ್ಪೇನು?' ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಕೇಳಲು ಕ್ರಾಂತಿಯ ಮಾತಿನಂತಿದೆ. ಕ್ರಾಂತಿ ಮಾಡುವುದಾದರೆ ಕಂಪನಿಯ ಮೇಲೆ ಮಾಡಿ. ಷರತ್ತು ಮುಚ್ಚಿಟ್ಟ ಕೂಪನ್ನಿನ ಫೋಟೋ ಹೊಡೆದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಗ್ರಾಹಕರ ಆಯೋಗಕ್ಕೆ ಎಳೆಯಿರಿ. ಅಂಗಡಿಯ ಮುಂದೆ ಹತ್ತು ಜನ ನಿಂತು ಮ್ಯಾನೇಜರನ್ನು ಕೇಳಿ. ಅದಕ್ಕೆ ಧೈರ್ಯ ಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಳ್ಳುವುದಕ್ಕೆ ಯಾವ ಧೈರ್ಯವೂ ಬೇಡ.

ನಮ್ಮ ಒತ್ತಾಯ

ಒಂದು, ಕರ್ನಾಟಕದಲ್ಲಿ ಹಂಚುವ ಪ್ರತಿ ಕೂಪನ್ನಿನ ಷರತ್ತೂ ಓದಲಾಗುವ ಅಕ್ಷರದ ಕನ್ನಡದಲ್ಲಿ ಇರಲಿ. ಕೊನೆಯ ದಿನಾಂಕ ಮುಖದ ಮೇಲೇ ಇರಲಿ. ಎರಡು, 'ಆಗುವುದಿಲ್ಲ' ಎಂದು ಹೇಳುವ ಕೆಲಸ ಮ್ಯಾನೇಜರಿನದಾಗಲಿ. ಅದಕ್ಕೇ ಅವನಿಗೆ ಹೆಚ್ಚು ಸಂಬಳ. ನಿಯಮ ಪಾಲಿಸಿದ ಕ್ಯಾಷಿಯರನ್ನು ಗಿರಾಕಿಯ ಎದುರು ಬಿಟ್ಟುಕೊಡುವ ಚಾಳಿ ನಿಲ್ಲಲಿ. ಮೂರು, ಕೂಪನ್ ನಷ್ಟವನ್ನು ವಿಚಾರಣೆಯಿಲ್ಲದೆ ಸಂಬಳದಲ್ಲಿ ಕಡಿಯುವ ಅಂಗಡಿಗಳ ಮೇಲೆ ಕಾರ್ಮಿಕ ಇಲಾಖೆ ಕಣ್ಣಿಡಲಿ.

ನಾಲ್ಕನೆಯದು ನಮಗೆ ನಾವೇ ಹಾಕಿಕೊಳ್ಳಬೇಕಾದ ಷರತ್ತು. ಹಕ್ಕಿನ ಕೂಪನ್ ಇದ್ದರೆ ಎದೆಯುಬ್ಬಿಸಿ ಕೇಳಿ, ಒಂದು ರೂಪಾಯಿಯನ್ನೂ ಬಿಡಬೇಡಿ. ಹಕ್ಕಿಲ್ಲದ ಕೂಪನ್ನನ್ನು ಜೇಬಿನಿಂದ ತೆಗೆಯಲೇಬೇಡಿ. ಸಾಲಿನಲ್ಲಿ ನಿಮ್ಮ ಮುಂದಿನವನು ಅನ್ಯಾಯವಾಗಿ ಕೂಗಾಡುತ್ತಿದ್ದರೆ ಮೊಬೈಲ್ ನೋಡುತ್ತಾ ನಿಲ್ಲಬೇಡಿ. 'ಅವರು ಹೇಳ್ತಿರೋದು ಸರಿ ಇದೆ ಸಾರ್' ಅಂತ ಒಂದು ಮಾತು ಸೇರಿಸಿ. ಒಂಟಿಯಾಗಿ ನಿಂತ ಆ ಹುಡುಗಿಗೆ ಅದು ಆನೆಬಲ.

ಕನ್ನಡಿಗರಿಗೆ ಕೆಲಸ ಕೊಡಿ ಎಂದು ಬೀದಿಯಲ್ಲಿ ಕೂಗುವ ನಾವು, ಕೆಲಸ ಸಿಕ್ಕಿದ ಕನ್ನಡಿಗರು ಮರ್ಯಾದೆಯಿಂದ ಆ ಕೆಲಸ ಮಾಡುವಂತೆಯೂ ನೋಡಿಕೊಳ್ಳಬೇಕಲ್ಲವೇ?