ತಲೆಬುರುಡೆಯ ಬೆಣೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬಂಡೆಯನ್ನು ಸೀಳಲು ಸಾಲಾಗಿ ಕುಳಿ ತೋಡಿ ಬೆಣೆ ಬಡಿಯುವುದು ಕಲ್ಲುಕುಟಿಗರ ಹಳೆಯ ವಿದ್ಯೆ. ಅಲ್ಲಿ ಬೆಣೆಯ ಕೆಲಸ ಒಡೆಯುವುದು. ಮನುಷ್ಯನ ತಲೆಬುರುಡೆಯಲ್ಲಿಯೂ ಒಂದು ಬೆಣೆಯುಂಟು. ಅದರ ಕೆಲಸ ಕೂಡಿಸುವುದು. ಅದೇ ಸ್ಫೀನಾಯ್ಡ್ ಎಲುಬು. ಗ್ರೀಕ್ ಭಾಷೆಯಲ್ಲಿ ‘ಸ್ಫೀನ್’ ಎಂದರೆ ಬೆಣೆಯೆಂದೇ ಅರ್ಥ.

ಕಣ್ಣುಗುಳಿಗಳ ಹಿಂದೆ, ಬುರುಡೆಯ ತಳದ ನಡುವೆ ಇದರ ನೆಲೆ. ಮಿದುಳನ್ನು ಆವರಿಸಿರುವ ಉಳಿದ 7 ಎಲುಬುಗಳನ್ನೂ ಇದು ಮುಟ್ಟಿ ನಿಂತಿದೆ. ನಡುವೆ ಒಡಲು; ಇಕ್ಕೆಲಗಳಲ್ಲಿ ಒಂದು ಹಿರಿಯ ರೆಕ್ಕೆ, ಒಂದು ಕಿರಿಯ ರೆಕ್ಕೆ; ಕೆಳಗೆ ಇಳಿಬಿದ್ದ ಎರಡು ಕಾಲುಗಳು. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯು ಇದನ್ನು ಅಂಗೈಯಲ್ಲಿಟ್ಟು ನೋಡಿದರೆ ರೆಕ್ಕೆ ಬಿಚ್ಚಿದ ಬಾವಲಿಯ ನೆನಪಾಗದೆ ಇರದು.

ಒಡಲಿನ ಮೇಲ್ಭಾಗ ಕುದುರೆಯ ಜೀನಿನಂತೆ ತಗ್ಗಾಗಿದೆ. ಆ ಜೀನಿನ ಮೇಲೆ ಕುಳಿತ ಸವಾರನೇ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ. ದೇಹದ ಬೆಳವಣಿಗೆ, ತಾಯಿಯ ಎದೆಹಾಲು, ಇತರ ಹಲವು ಗ್ರಂಥಿಗಳ ನಡೆ ಎಲ್ಲವೂ ಇದರ ಆಣತಿಯಲ್ಲಿವೆ. ಇದರ ಮೇಲೆಯೇ ಕಣ್ಣಿನ ನರಗಳು ಒಂದನ್ನೊಂದು ಹಾಯುತ್ತವೆ. ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ನರಗಳನ್ನು ಒತ್ತಿತೆಂದರೆ ಎದುರಿನದು ಕಂಡರೂ ಎರಡೂ ಪಕ್ಕಗಳ ನೋಟ ಮಸುಕಾಗುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪಕ್ಕದಿಂದ ಬಂದ ಗಾಡಿ ಕಾಣದೆ ತಬ್ಬಿಬ್ಬಾದವನು, ವಯಸ್ಸಾಯಿತೆಂದು ಕನ್ನಡಕ ಬದಲಿಸಿ ಸುಮ್ಮನಾಗಬಹುದು. ಆದರೆ ಇದು ಕನ್ನಡಕದಿಂದ ತೀರುವ ದೋಷವಲ್ಲ.

ಇಲ್ಲಿಗೆ ದಾರಿಯೂ ಈ ಎಲುಬಿನಲ್ಲಿಯೇ ಇದೆ. ಅದರ ಒಡಲು ಟೊಳ್ಳು. ಒಳಗಿನ ಗಾಳಿಗೂಡು ಮೂಗಿಗೆ ತೆರೆದುಕೊಂಡಿದೆ. 1907ರಲ್ಲಿ ಇನ್ಸ್‌ಬ್ರುಕ್ ನಗರದಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯನು ಮೂಗಿನ ಮಾರ್ಗವಾಗಿ ಪಿಟ್ಯುಟರಿ ಗೆಡ್ಡೆಯನ್ನು ತೆಗೆದನು. ಇಂದು ದೂರದರ್ಶಕದಂಥ ಸಪೂರ ಕೊಳವೆ, ಎಂಡೊಸ್ಕೋಪು, ಮೂಗಿನ ಹೊಳ್ಳೆಯೊಳಗಿಂದಲೇ ಆ ಜೀನಿನ ತಳವನ್ನು ತಲುಪುತ್ತದೆ; ಬುರುಡೆ ತೆರೆಯುವ ಅಗತ್ಯ ಬಹುಪಾಲು ತಪ್ಪಿದೆ.

ದಾರಿ ಹತ್ತಿರದ್ದಾದರೂ ಅಪಾಯವಿಲ್ಲದ್ದಲ್ಲ. ಗೂಡಿನ ಎರಡೂ ಗೋಡೆಗಳಿಗೆ ತಾಗಿ ಮಿದುಳಿಗೆ ರಕ್ತವೊಯ್ಯುವ ಕ್ಯಾರಟಿಡ್ ಧಮನಿಗಳು ಹರಿಯುತ್ತವೆ. ಗೂಡನ್ನು ಇಬ್ಭಾಗಿಸುವ ತೆಳುಗೋಡೆ ಕೆಲವರಲ್ಲಿ ಓರೆಯಾಗಿ ಸರಿದು ಧಮನಿಯ ಮೇಲಿನ ಎಲುಬಿಗೇ ಅಂಟಿರುತ್ತದೆ. ಅದನ್ನು ತಿರುಚಿ ಕಿತ್ತರೆ ರಕ್ತದ ಕೋಡಿ ಹರಿದೀತು. ಆದುದರಿಂದಲೇ ಶಸ್ತ್ರವೈದ್ಯರು ಮೊದಲು ಸಿ.ಟಿ. ಚಿತ್ರದಲ್ಲಿ ಪ್ರತಿಯೊಬ್ಬ ರೋಗಿಯ ಬೆಣೆಯನ್ನೂ ಬೇರೆಯಾಗಿಯೇ ಓದುತ್ತಾರೆ.

ರೋಗಿಯ ಪಾಲಿಗೆ ಉಳಿದ ಕರ್ತವ್ಯ ಒಂದೇ: ಪಕ್ಕದ ನೋಟ ಕುಂದಿದರೆ ತಡಮಾಡದೆ ನೋಟದ ಹರವನ್ನು ಅಳೆಸಿಕೊಳ್ಳುವುದು. ಒತ್ತಡ ಬೇಗ ತೊಲಗಿದರೆ ದೃಷ್ಟಿ ಮರಳುವ ಆಸೆಯುಂಟು. ನರ ಸೊರಗಿದ ಮೇಲೆ ಎಂಥ ನಿಪುಣನ ಕೈಯೂ ಅದನ್ನು ತಂದುಕೊಡಲಾರದು.