ಎಳೆಯ ಮೈಯಲ್ಲಿ ಮುದಿ ರಕ್ತನಾಳ

“ಡಾಕ್ಟರೇ, ಮಗಳಿಗೆ ಈಗಷ್ಟೇ ಹದಿನೇಳು. ಸಕ್ಕರೆ ಕಾಯಿಲೆ ಇದೆ ನಿಜ, ಆದರೆ ಹೃದಯದ ಮಾತು ಈಗಲೇ ಯಾಕೆ?” ಮಧುಮೇಹವಿರುವ ಮಕ್ಕಳ ತಾಯಂದಿರಿಗೆ ಹೀಗೆ ಅನಿಸುವುದು ಸಹಜ. ಹೃದಯಾಘಾತ, ಪಾರ್ಶ್ವವಾಯು ಎಂದರೆ ಅಜ್ಜ-ಅಜ್ಜಿಯರ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಆದರೆ ಅವುಗಳ ಬೀಜ ಎಳೆಯ ವಯಸ್ಸಿನಲ್ಲೇ ಬಿದ್ದಿರಬಹುದು.

ಹೃದಯದಿಂದ ಹೊರಡುವ ಮಹಾಪಧಮನಿಯು ರಬ್ಬರಿನ ಕೊಳವೆಯಂತೆ. ಹೃದಯ ಮಿಡಿದಾಗ ಅದು ಹಿಗ್ಗುತ್ತದೆ, ಬಳಿಕ ಕುಗ್ಗಿ ರಕ್ತವನ್ನು ಮೆಲ್ಲನೆ ಮುಂದಕ್ಕೆ ತಳ್ಳುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಿದ್ದರೆ, ಅದು ನಾಳದ ಗೋಡೆಯ ಪ್ರೋಟೀನ್ ಎಳೆಗಳಿಗೆ ಅಂಟಿಕೊಂಡು ಅವುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ನಾಳವು ಬಿಸಿಲಿಗೆ ಬಿದ್ದ ಹಳೆಯ ಪೈಪಿನಂತೆ ಗಡುಸಾಗುತ್ತದೆ. ರಕ್ತದ ಪ್ರತಿ ಹೊಡೆತವೂ ಮೂತ್ರಪಿಂಡ ಮತ್ತು ಮೆದುಳಿನ ಸೂಕ್ಷ್ಮ ನಾಳಗಳಿಗೆ ಜೋರಾಗಿ ಬಡಿಯುತ್ತದೆ. ಹೃದಯದ ದುಡಿಮೆಯೂ ಹೆಚ್ಚುತ್ತದೆ. ನೋವಿಲ್ಲ, ಸುಸ್ತಿಲ್ಲ, ಆದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ಮಧುಮೇಹ ಬಂದ ಸುಮಾರು 2,000 ಯುವಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿ, 2017ರಲ್ಲಿ ವರದಿ ಪ್ರಕಟಿಸಲಾಯಿತು. ಅವರಿಗೆ ಕಾಯಿಲೆ ಬಂದು ಸರಾಸರಿ ಎಂಟು ವರ್ಷವಾಗಿತ್ತು, ವಯಸ್ಸು ಇಪ್ಪತ್ತರ ಆಸುಪಾಸು. ಟೈಪ್ 1 ಮಧುಮೇಹವಿದ್ದವರಲ್ಲಿ ಶೇ. 11.6 ಮಂದಿಯ ರಕ್ತನಾಳಗಳು ಗಡುಸಾಗಿದ್ದವು. ಟೈಪ್ 2 ಇದ್ದವರಲ್ಲಿ ಈ ಪ್ರಮಾಣ ಶೇ. 47.4! ಹಿಂದೆ ದೊಡ್ಡವರಿಗಷ್ಟೇ ಬರುತ್ತಿದ್ದ ಟೈಪ್ 2 ಈಗ ಬೊಜ್ಜಿರುವ ಮಕ್ಕಳಲ್ಲೂ ಕಾಣಿಸುತ್ತಿರುವುದರಿಂದ ಈ ಅಂಕಿಯನ್ನು ಹಗುರವಾಗಿ ಕಾಣುವಂತಿಲ್ಲ.

ಹಾಗೆಂದು ಎದೆಗುಂದಬೇಕಾಗಿಲ್ಲ. ಟೈಪ್ 1 ಇದ್ದ 1,441 ಮಂದಿಯನ್ನು ಅಮೆರಿಕ ಮತ್ತು ಕೆನಡಾದಲ್ಲಿ ಸರಾಸರಿ ಆರೂವರೆ ವರ್ಷ ಗಮನಿಸಿದ ಅಧ್ಯಯನವೊಂದಿದೆ. ಆ ಅವಧಿಯಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟುಕೊಂಡವರಿಗೆ ಮುಂದಿನ ವರ್ಷಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಶೇ. 42ರಷ್ಟು ಕಡಿಮೆಯಾಗಿತ್ತೆಂದು 2005ರಲ್ಲಿ ತಿಳಿದುಬಂತು. ಇಂದಿನ ಶಿಸ್ತನ್ನು ದೇಹ ಮರೆಯುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು? ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಪ್ಪಿಸಬೇಡಿ. ಅನೇಕ ಮಕ್ಕಳಿಗೆ ಶೇ. 7ಕ್ಕಿಂತ ಕಡಿಮೆ ಎಂಬುದು ಗುರಿ. ನಿಮ್ಮ ಮಗುವಿನ ಗುರಿಯನ್ನು ವೈದ್ಯರೇ ಹೇಳಬೇಕು. ಪ್ರತಿ ಭೇಟಿಯಲ್ಲೂ ಬಿ.ಪಿ. ನೋಡುವಂತೆ ಕೇಳಿ. ಕೊಲೆಸ್ಟರಾಲ್, ಮೂತ್ರ ಮತ್ತು ಕಣ್ಣಿನ ಪರೀಕ್ಷೆ ಯಾವಾಗ ಎಂದು ಬರೆದಿಟ್ಟುಕೊಳ್ಳಿ. ಅಡುಗೆಯಲ್ಲಿ ಉಪ್ಪು, ಕರಿದ ತಿಂಡಿ ಕಡಿಮೆಯಾಗಲಿ. ಮನೆಯ ಗಂಡಸರು ಸಿಗರೇಟು ಬಿಡಲಿ. ಅದರ ಹೊಗೆ ಪಕ್ಕದಲ್ಲಿರುವವರ ನಾಳಗಳನ್ನೂ ಕೆಡಿಸುತ್ತದೆ. ಗಂಡುಮಕ್ಕಳು ಮೈದಾನಕ್ಕೆ ಓಡುತ್ತಾರೆ. ಹೆಣ್ಣುಮಕ್ಕಳಿಗೋ ಟೆರೇಸು, ಅಂಗಳವೂ ಸಾಕು. ತಾಯಿ-ಮಗಳು ಜೊತೆಯಾಗಿ ಬಿರುಸಿನಿಂದ ನಡೆಯಿರಿ, ಹಗ್ಗದಾಟ ಆಡಿ.

ಇನ್ನೊಂದು ಮಾತು. ಮದುವೆ ಸಂಬಂಧ ತಪ್ಪಿಹೋದೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಗಂಡನ ಮನೆಯಲ್ಲಿ ಆಕೆ ಇನ್ಸುಲಿನ್‌ಅನ್ನು ಬಚ್ಚಲಲ್ಲಿ ಅಡಗಿ ಚುಚ್ಚಿಕೊಳ್ಳಬೇಕು, ಯಾರಾದರೂ ಬಂದರೆ ಬಿಡಬೇಕು. ಟೈಪ್ 1 ಇದ್ದವರು ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಸತ್ಯ ಹೇಳಿದ ಮೇಲೆ ಉಳಿಯದ ಸಂಬಂಧ ಸುಳ್ಳಿನ ಮೇಲೆ ಎಷ್ಟು ದಿನ ನಿಂತೀತು?

ರಮಝಾನ್ ಬರುವ ಒಂದೂವರೆ-ಎರಡು ತಿಂಗಳ ಮೊದಲೇ ವೈದ್ಯರಲ್ಲಿ ಮಾತನಾಡಿ. ರೋಗಿಗೆ ಅಲ್ಲಾಹನು ಉಪವಾಸದಲ್ಲಿ ರಿಯಾಯಿತಿ ನೀಡಿದ್ದಾನೆ. ವೈದ್ಯರು ಬೇಡವೆಂದರೆ ಮಗುವಿಗೆ ತಪ್ಪಿತಸ್ಥ ಭಾವನೆ ಬರದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ಈ ದೇಹ ನಮ್ಮ ಬಳಿ ಇರುವ ಅಮಾನತ್. ಮಕ್ಕಳು ಅದನ್ನು ಕಾಪಾಡಿಕೊಳ್ಳಲು ಕಲಿಯುವ ತನಕ ಅದು ತಾಯಿಯ ಕೈಯಲ್ಲಿದೆ. ಮುಂದಿನ ತಪಾಸಣೆಯ ದಿನಾಂಕವನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತಿಸಿಬಿಡಿ.